ಮೂಗಲ್ಲ, ಮೋಗ್

ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ನಾಲ್ಕು ದಿನ ಇದ್ದಾಗ ನಮ್ಮ ಬ್ಯಾಂಡಿನ ಆಸ್ತಿ ಅಂದ್ರೆ ಒಂದು ಗಿಟಾರ್, ಒಂದು ಜೊತೆ ತಬಲಾ, ಒಂದು ಟ್ಯಾಬ್. ಕೀಬೋರ್ಡ್ ಬಾಡಿಗೆಗೆ ತರೋಕೆ ದುಡ್ಡಿರಲಿಲ್ಲ. ಟ್ಯಾಬ್‌ನಲ್ಲೇ ಒಂದು ಆ್ಯಪ್‌ನಲ್ಲಿ ಕೀ ಒತ್ತೋದು, ಇನ್ನೊಂದು ಸಿಂಥ್ ಆ್ಯಪ್‌ನಿಂದ ಸದ್ದು ಹೊರಡಿಸೋದು ಅಂತ ತೀರ್ಮಾನ ಮಾಡಿದೆವು. ಎರಡನ್ನೂ ತೆರೆದೆವು. ಕೀ ಒತ್ತಿದರೆ ಮಿಡಿ ಸೂಚಕ ಮಿಣುಕ್ ಅನ್ನುತ್ತೆ, ಸ್ಪೀಕರ್ ಮಾತ್ರ ಗಪ್‌ಚುಪ್. ಒಂದೂವರೆ ಗಂಟೆ ಸೆಟ್ಟಿಂಗ್ಸ್ ಕೆದಕಿದ ಮೇಲೆ ಗೊತ್ತಾಯ್ತು: ಕಳಿಸೋ ಆ್ಯಪ್ ಒಂದನೇ ಚಾನೆಲ್‌ನಲ್ಲಿ ಕಳಿಸ್ತಾ ಇದೆ, ತಗೊಳ್ಳೋ ಆ್ಯಪ್ ಎರಡನೇ ಚಾನೆಲ್‌ಗೆ ಕಿವಿಗೊಟ್ಟು ಕೂತಿದೆ. ಮಿಡಿಯಲ್ಲಿ ಒಟ್ಟು 16 ಚಾನೆಲ್. ಒಂದು ಅಂಕಿ ಬದಲಾಯಿಸಿದ್ದೇ ತಡ, ಸದ್ದು ಬಂತು. ಬಂದಿದ್ದು ಎರಡೆರಡು ಸಲ, ಯಾಕಂದ್ರೆ ಪರದಾಟದಲ್ಲಿ ಒಂದೇ ಆ್ಯಪ್‌ಗೆ ಎರಡು ದಾರಿಯಿಂದ ಸಂಪರ್ಕ ಕೊಟ್ಟುಬಿಟ್ಟಿದ್ದೆವು. ಅದನ್ನೂ ಸರಿ ಮಾಡಿದೆವು ಬಿಡಿ.

ಈ ಗಲಾಟೆಯಲ್ಲಿ ನಮ್ಮ ಕಣ್ಣಿಗೆ ಬಿದ್ದ ಒಂದು ಪದ: ಪ್ಯಾಚ್. ಸಿಂಥ್ ಆ್ಯಪ್‌ಗಳಲ್ಲಿ ಸೇವ್ ಮಾಡಿಟ್ಟ ಒಂದೊಂದು ಸದ್ದಿಗೂ ಪ್ಯಾಚ್ ಅಂತಾರೆ. ತೇಪೆ ಅನ್ನೋ ಅರ್ಥದ ಪದ ಇಲ್ಲಿಗೆ ಹೇಗೆ ಬಂತು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಬ್ಬ ಎಂಜಿನಿಯರ್. ಇವತ್ತು ನಾವು ಬೆರಳಲ್ಲಿ ಟಿಕ್ ಹಾಕಿ ಮಾಡೋ ಕೆಲಸವನ್ನು ಆತ 60 ವರ್ಷದ ಹಿಂದೆ ನಿಜವಾದ ತಂತಿ ಸಿಕ್ಕಿಸಿ ಮಾಡಿದ್ದ. ಹೆಸರು ರಾಬರ್ಟ್ ಮೋಗ್. ಇಂಗ್ಲಿಷ್ ಅಕ್ಷರ ನೋಡಿ ನಾವೆಲ್ಲ ಮೂಗ್ ಅಂತಲೇ ಓದಿ ನಕ್ಕಿದ್ದೆವು. ಅವರ ಮನೆತನದವರು ಹೇಳುತ್ತಿದ್ದದ್ದು ಮೋಗ್ ಅಂತ.

ಮೋಗ್ ಹುಟ್ಟಿದ್ದು 1934ರ ಮೇ 23ರಂದು, ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ. ಅಪ್ಪ ಜಾರ್ಜ್ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್. ಮನೆಯ ನೆಲಮಾಳಿಗೆಯಲ್ಲಿ ಅವರದೊಂದು ವರ್ಕ್‌ಶಾಪ್ ಇತ್ತು. ಅಮ್ಮನಿಗೆ ಮಗ ಪಿಯಾನೋ ವಾದಕ ಆಗಬೇಕು ಅನ್ನೋ ಆಸೆ, ದಿನಾ ಗಂಟೆಗಟ್ಟಲೆ ಅಭ್ಯಾಸ. ಹುಡುಗನಿಗೆ ಪಿಯಾನೋಗಿಂತ ಅಪ್ಪನ ಬೆಸುಗೆ ಕಡ್ಡಿಯೇ ಹೆಚ್ಚು ಇಷ್ಟ. ಹದಿನಾಲ್ಕನೇ ವಯಸ್ಸಿಗೆ ಪತ್ರಿಕೆಯೊಂದರ ನಕ್ಷೆ ನೋಡಿಕೊಂಡು ಥೆರೆಮಿನ್ ಕಟ್ಟಿದ. ರಷ್ಯಾದ ಲೆವ್ ಥೆರೆಮಿನ್ ಕಂಡುಹಿಡಿದ, ಮುಟ್ಟದೇ ನುಡಿಸೋ ವಾದ್ಯ ಅದು. ಎರಡು ಆಂಟೆನಾ ಹತ್ತಿರ ಕೈ ಆಡಿಸಿದರೆ ಕೈಗೂ ಆಂಟೆನಾಗೂ ನಡುವಿನ ಕೆಪಾಸಿಟೆನ್ಸ್ ಬದಲಾಗುತ್ತೆ. ಒಂದು ಕೈ ಸ್ವರ ಬದಲಿಸಿದರೆ ಇನ್ನೊಂದು ಸದ್ದಿನ ಮಟ್ಟ ಬದಲಿಸುತ್ತೆ. ಹತ್ತೊಂಬತ್ತು ತುಂಬಿದ ಹೊತ್ತಿಗೆ ಅಪ್ಪನ ಜೊತೆ ಸೇರಿ ಥೆರೆಮಿನ್ ಮಾರೋ ಕಂಪನಿ ಶುರು ಮಾಡಿಯಾಗಿತ್ತು.

ಓದಿದ್ದು ಕ್ವೀನ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರ, ಕೊಲಂಬಿಯಾದಲ್ಲಿ ಎಲೆಕ್ಟ್ರಿಕಲ್. 1957ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿಗೆ ಹೋದರು. ಪದವಿ ಕೈಗೆ ಬಂದಿದ್ದು 1965ರಲ್ಲಿ. ಎಂಟು ವರ್ಷ! ಕಾರಣ ಬೇರೇನಿಲ್ಲ, ಮನೆಯಲ್ಲಿ ಥೆರೆಮಿನ್ ಕಿಟ್‌ಗಳ ರಾಶಿ. 1961ರಲ್ಲಿ ಟ್ರಾನ್ಸಿಸ್ಟರ್ ಥೆರೆಮಿನ್ ಬಗ್ಗೆ ಒಂದು ಲೇಖನ ಬರೆದರು. ಅದನ್ನು ಓದಿದವರಿಂದ ಕಿಟ್‌ಗೆ ಆರ್ಡರ್ ಮೇಲೆ ಆರ್ಡರ್ ಬಂತು, ಸಣ್ಣ ಮನೆಯೇ ಫ್ಯಾಕ್ಟರಿ ಆಯ್ತು. ನಮ್ಮಲ್ಲಿ ಸೈಡ್ ಪ್ರಾಜೆಕ್ಟ್ ಹಿಂದೆ ಬಿದ್ದು ಬ್ಯಾಕ್‌ಲಾಗ್ ಉಳಿಸಿಕೊಂಡವರು ಈ ಭಾಗವನ್ನು ಮನೆಯವರಿಗೆ ಓದಿ ಹೇಳಬಹುದು. ಗ್ಯಾರಂಟಿ ಮಾತ್ರ ನಮ್ಮದಲ್ಲ.

1963ರ ಕೊನೆಯಲ್ಲಿ ರೋಚೆಸ್ಟರ್ ಊರಿನ ಸಂಗೀತ ಶಿಕ್ಷಕರ ಸಮ್ಮೇಳನಕ್ಕೆ ಮೋಗ್ ಥೆರೆಮಿನ್ ಹಿಡಿದುಕೊಂಡು ಹೋಗಿದ್ದರು. ಅಲ್ಲಿ ಸಿಕ್ಕಿದವರು ಹರ್ಬರ್ಟ್ ಡಾಯ್ಚ್, ಸಂಗೀತದ ಮೇಷ್ಟ್ರು, ಸಂಯೋಜಕ. ಆ ಕಾಲದಲ್ಲಿ ಎಲೆಕ್ಟ್ರಾನಿಕ್ ಸಂಗೀತ ಅಂದ್ರೆ ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸೋದು. ಲ್ಯಾಬ್‌ನ ಆಸಿಲೇಟರ್‌ಗಳ ಗುಂಡಿ ಕೈಯಲ್ಲಿ ತಿರುಗಿಸಿ ಒಂದು ಸದ್ದು ರೆಕಾರ್ಡ್ ಮಾಡು, ಮತ್ತೆ ತಿರುಗಿಸು, ಮತ್ತೆ ರೆಕಾರ್ಡ್ ಮಾಡು, ಕತ್ತರಿಸು, ಅಂಟಿಸು. ಕೆಲವು ನಿಮಿಷದ ಸಂಗೀತಕ್ಕೆ ವಾರಗಟ್ಟಲೆ ಕೆಲಸ. ಈ ಗೋಳಿಗೆ ಏನಾದರೂ ದಾರಿ ಇದೆಯಾ ಅನ್ನೋದು ಡಾಯ್ಚ್ ಅವರ ಪ್ರಶ್ನೆ.

1964ರ ಬೇಸಿಗೆಯಲ್ಲಿ ಡಾಯ್ಚ್ ಅವರು ಟ್ರುಮನ್ಸ್‌ಬರ್ಗ್ ಅನ್ನೋ ಪುಟ್ಟ ಊರಿನಲ್ಲಿದ್ದ ಮೋಗ್ ಅಂಗಡಿಗೆ ಬಂದು ಕೂತರು. ಅಲ್ಲಿ ಆಗಿದ್ದನ್ನು ನಾವು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ನಮ್ಮ ಟ್ಯಾಬ್‌ನೊಳಗಿನ ಕಥೆಯೂ ಅಲ್ಲಿಂದಲೇ ಶುರು.

ಆಸಿಲೇಟರ್‌ನ ಗುಂಡಿಯನ್ನು ಕೈಯಿಂದ ತಿರುಗಿಸೋ ಬದಲು ಒಂದು ವೋಲ್ಟೇಜ್ ತಿರುಗಿಸಿದರೆ? ಆಗ ಆ ವೋಲ್ಟೇಜ್ ಎಲ್ಲಿಂದ ಬೇಕಾದರೂ ಬರಬಹುದು. ಕೀಬೋರ್ಡ್‌ನಿಂದ ಬಂದರೆ ರಾಗ, ಇನ್ನೊಂದು ನಿಧಾನದ ಆಸಿಲೇಟರ್‌ನಿಂದ ಬಂದರೆ ಕಂಪನ. ಮೋಗ್ ಮಾಡಿದ್ದು ಇದನ್ನೇ. ಸ್ವರ ಹುಟ್ಟಿಸೋದು ಒಂದು ಪೆಟ್ಟಿಗೆ, ಅದನ್ನು ಸೋಸೋದು ಇನ್ನೊಂದು, ಏರಿಸಿ ಇಳಿಸೋದು ಮತ್ತೊಂದು. ಮೂರಕ್ಕೂ ವೋಲ್ಟೇಜೇ ಯಜಮಾನ. ಯಾವ ಪೆಟ್ಟಿಗೆಯಿಂದ ಯಾವುದಕ್ಕೆ ಏನು ಹೋಗಬೇಕು ಅನ್ನೋದನ್ನು ನುಡಿಸುವವರೇ ತಂತಿ ಸಿಕ್ಕಿಸಿ ತೀರ್ಮಾನ ಮಾಡಬೇಕು. ಈ ತಂತಿಯೇ ಪ್ಯಾಚ್ ಕಾರ್ಡ್. ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್‌ಗಳು ಸಿಕ್ಕಿಸುತ್ತಿದ್ದರಲ್ಲ, ಆ ಜಾತಿಯದು. ಒಂದು ಸದ್ದಿಗೆ ತಂತಿಗಳನ್ನೆಲ್ಲ ಜೋಡಿಸಿದ ಬಗೆಗೆ ಪ್ಯಾಚ್ ಅಂತ ಹೆಸರು ಬಿತ್ತು. ಆ ಹೆಸರೇ ನಮ್ಮ ಆ್ಯಪ್‌ವರೆಗೂ ಬಂದಿದೆ.

ಒಂದು ಸಮಸ್ಯೆ ಇತ್ತು. ಕಿವಿ ಲೀನಿಯರ್ ಅಲ್ಲ. ಮಧ್ಯ ಸ್ಥಾಯಿಯ ಷಡ್ಜ 220 ಹರ್ಟ್ಸ್ ಅಂದುಕೊಳ್ಳಿ. ತಾರ ಷಡ್ಜ 440, ಅದರ ಮೇಲಿನದು 880. ಕಿವಿಗೆ ಎರಡೂ ಒಂದೇ ಅಳತೆಯ ಜಿಗಿತ, ಲೆಕ್ಕದಲ್ಲಿ ಮಾತ್ರ ಮೊದಲನೆಯದು 220, ಎರಡನೆಯದು 440. ವೋಲ್ಟೇಜ್ ಹೆಚ್ಚಾದಷ್ಟೇ ಹರ್ಟ್ಸ್ ಹೆಚ್ಚಾಗೋ ಹಾಗೆ ಮಾಡಿದರೆ ರಾಗವನ್ನು ಒಂದು ಸ್ವರ ಮೇಲೆ ಎತ್ತಿದ ಕೂಡಲೇ ಶ್ರುತಿ ಕೆಡುತ್ತೆ. ಟ್ರಾನ್ಸಿಸ್ಟರ್‌ನಲ್ಲಿ ಬೇಸ್-ಎಮಿಟರ್ ವೋಲ್ಟೇಜ್‌ಗೂ ಕಲೆಕ್ಟರ್ ಕರೆಂಟ್‌ಗೂ ಇರೋ ಸಂಬಂಧ ಎಕ್ಸ್‌ಪೊನೆನ್ಷಿಯಲ್. ನಾವು ಮೂರನೇ ಸೆಮಿಸ್ಟರ್‌ನಲ್ಲಿ ಬೈದುಕೊಂಡು ಬಾಯಿಪಾಠ ಮಾಡಿದ ಅದೇ ಸಮೀಕರಣ. ಮೋಗ್ ಅದನ್ನೇ ಕೆಲಸಕ್ಕೆ ಹಚ್ಚಿದರು: ಒಂದು ವೋಲ್ಟ್ ಹೆಚ್ಚಾದರೆ ಒಂದು ಸ್ಥಾಯಿ ಮೇಲೆ. ಸ್ಥಾಯಿಗೆ ಹನ್ನೆರಡು ಸ್ವರಸ್ಥಾನ, ಹಾಗಾಗಿ ಒಂದೊಂದು ಸ್ವರಸ್ಥಾನಕ್ಕೆ ಸುಮಾರು 83 ಮಿಲಿವೋಲ್ಟ್.

ಇದು ಬರೀ ಸರ್ಕ್ಯೂಟ್ ಚಮತ್ಕಾರ ಅಲ್ಲ. ಇಲ್ಲಿ ಸ್ವರ ಅನ್ನೋದು ಸದ್ದಿನಿಂದ ಬೇರೆಯಾಗಿ, ಒಂದು ಸೂಚನೆಯಾಗಿ ತಂತಿಯಲ್ಲಿ ಓಡಾಡೋಕೆ ಶುರು ಮಾಡಿತು. ಯಾವ ಸ್ವರ ಅಂತ ಹೇಳೋದು ಒಂದು ಕಡೆ, ನುಡಿಯೋದು ಇನ್ನೊಂದು ಕಡೆ. ಟ್ಯಾಬ್‌ನಲ್ಲಿ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಮಿಡಿ ಕಳಿಸುವಾಗಲೂ ಸದ್ದು ಹೋಗೋದಿಲ್ಲ, ಸೂಚನೆ ಹೋಗುತ್ತೆ. ಮಿಡಿಯಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆ, ಹನ್ನೆರಡು ಸಂಖ್ಯೆ ಹೆಚ್ಚಾದರೆ ಒಂದು ಸ್ಥಾಯಿ ಮೇಲೆ. ಒಂದು ವೋಲ್ಟ್ ಇದ್ದ ಜಾಗದಲ್ಲಿ ಹನ್ನೆರಡು ಅನ್ನೋ ಅಂಕಿ ಬಂದು ಕೂತಿದೆ, ಅಷ್ಟೇ.

ಮೋಗ್ ಅವರ ಇನ್ನೊಂದು ಗುಣ ನಮಗೆ ತುಂಬ ಹಿಡಿಸಿತು. ಸಂಗೀತಗಾರರು ಏನು ಕೇಳಿದರೂ ಅವರು ಕಿವಿಗೊಡುತ್ತಿದ್ದರು. ಸ್ವರ ಹೇಗೆ ಹುಟ್ಟಿ ಹೇಗೆ ಆರಬೇಕು ಅನ್ನೋದಕ್ಕೆ ಒಂದು ಬಗೆ ಬೇಕು ಅಂತ ಡಾಯ್ಚ್ ಹೇಳಿದಾಗ ಮೋಗ್ ಅವರನ್ನು ಹಾರ್ಡ್‌ವೇರ್ ಅಂಗಡಿಗೆ ಓಡಿಸಿ ಮನೆಬಾಗಿಲಿನ ಕಾಲಿಂಗ್ ಬೆಲ್ ಗುಂಡಿ ತರಿಸಿದರು. ಮೊದಲ ಎನ್ವಲಪ್ ಜನರೇಟರ್ ಕೆಲಸ ಮಾಡಿದ್ದು ಆ ಗುಂಡಿಯಿಂದ. ಮುಂದೆ ಕೊಲಂಬಿಯಾದ ಸಂಯೋಜಕ ವ್ಲಾದಿಮಿರ್ ಉಸಚೆವ್ಸ್ಕಿ ಅದನ್ನು ನಾಲ್ಕು ಹಂತವಾಗಿ ಬಿಡಿಸಿ ಕೇಳಿದರು: ಏರೋ ವೇಗ, ಮೊದಲ ಇಳಿತ, ನಿಲ್ಲೋ ಮಟ್ಟ, ಕೊನೆಯ ಇಳಿತ. ಇವತ್ತು ಯಾವ ಸಿಂಥ್ ಆ್ಯಪ್ ತೆರೆದರೂ ಎ, ಡಿ, ಎಸ್, ಆರ್ ಅಂತ ನಾಲ್ಕು ಸ್ಲೈಡರ್ ಕಾಣುತ್ತಲ್ಲ, ಅವೇ. ಟೊರೊಂಟೊದ ಗುಸ್ತಾವ್ ಚಾಮಾಗಾ ಹೇಳಿದ ಮೇಲೆ ವೋಲ್ಟೇಜಿಗೆ ಬಗ್ಗೋ ಫಿಲ್ಟರ್ ಬಂತು. ಟ್ರಾನ್ಸಿಸ್ಟರ್ ಜೋಡಿಗಳನ್ನು ಏಣಿಯ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಪೇರಿಸಿದ ಈ ಲ್ಯಾಡರ್ ಫಿಲ್ಟರ್ ಕಟಾಫ್ ದಾಟಿದ ಮೇಲೆ ಸ್ಥಾಯಿಗೆ 24 ಡೆಸಿಬೆಲ್‌ನಂತೆ ಕತ್ತರಿಸುತ್ತೆ. ಅದಕ್ಕೆ 1969ರಲ್ಲಿ ಪೇಟೆಂಟ್ ಸಿಕ್ಕಿತು. ಉಳಿದ ಹೆಚ್ಚಿನ ಐಡಿಯಾಗಳಿಗೆ ಅವರು ಬೇಲಿ ಹಾಕಲಿಲ್ಲ.

1964ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಆಡಿಯೋ ಎಂಜಿನಿಯರಿಂಗ್ ಸೊಸೈಟಿ ಸಮ್ಮೇಳನದಲ್ಲಿ ಮೋಗ್ ತಮ್ಮ ಪ್ರಬಂಧ ಮಂಡಿಸಿದರು. ನೃತ್ಯ ಸಂಯೋಜಕ ಆಲ್ವಿನ್ ನಿಕೊಲಾಯ್ಸ್ ಮೊದಲ ಗಿರಾಕಿಗಳಲ್ಲಿ ಒಬ್ಬರು. ನಾಲ್ಕು ವರ್ಷ ಹೀಗೇ ವಿಶ್ವವಿದ್ಯಾಲಯ, ಜಾಹೀರಾತು ಸ್ಟುಡಿಯೋಗಳ ಮಟ್ಟದಲ್ಲೇ ನಡೀತು. 1968ರಲ್ಲಿ ವೆಂಡಿ ಕಾರ್ಲೋಸ್ ಅವರ ಸ್ವಿಚ್ಡ್-ಆನ್ ಬಾಕ್ ಬಂತು. ಬಾಕ್‌ನ ಕೃತಿಗಳನ್ನು ಪೂರ್ತಿ ಮೋಗ್ ಸಿಂಥಸೈಜರ್‌ನಲ್ಲಿ ನುಡಿಸಿದ ಆಲ್ಬಂ. ವಾದ್ಯದಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಬರ್ತಿತ್ತು, ಹಾಗಾಗಿ ಒಂದೊಂದು ಎಳೆಯನ್ನೂ ಬೇರೆ ಬೇರೆ ನುಡಿಸಿ ಟೇಪಿನ ಮೇಲೆ ಸೇರಿಸಬೇಕು. ಅದರ ನಡುವೆ ಆಸಿಲೇಟರ್ ಬಿಸಿಯಾದರೆ ಶ್ರುತಿ ಜಾರುತ್ತೆ, ಮತ್ತೆ ಹೊಂದಿಸು. ಆ ತಾಳ್ಮೆಯ ಫಲ ಮೂರು ಗ್ರ್ಯಾಮಿ. ಮೋಗ್ ಅನ್ನೋ ಹೆಸರು ಮನೆಮಾತಾಯ್ತು. 1969ರಲ್ಲಿ ಬೀಟಲ್ಸ್ ಆ್ಯಬಿ ರೋಡ್ ಆಲ್ಬಂನಲ್ಲಿ ಅದನ್ನು ಬಳಸಿದರು.

ಅದೇ 1969ರಲ್ಲಿ ಒಂದು ಮೋಗ್ ಭಾರತಕ್ಕೂ ಬಂತು ಅಂದ್ರೆ ನಂಬ್ತೀರಾ? ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಕೂರಿಸಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮುಂತಾದವರು ಅದರಲ್ಲಿ ಕೆಲಸ ಮಾಡಿದರು. 1972ರವರೆಗಿನ ಆ ಟೇಪುಗಳು ದಶಕಗಟ್ಟಲೆ ಸಂಸ್ಥೆಯಲ್ಲೇ ಸುಮ್ಮನೆ ಬಿದ್ದಿದ್ದು, 2023ರಲ್ಲಿ ಆಲ್ಬಂ ಆಗಿ ಹೊರಬಂದಿವೆ. ಹೆಡ್‌ಫೋನ್ ಹಾಕ್ಕೊಂಡು ಒಮ್ಮೆ ಕೇಳಿ.

ಹೆಸರು ಬಂತು, ದುಡ್ಡು ಬರಲಿಲ್ಲ. ಮೋಗ್ ವ್ಯಾಪಾರದಲ್ಲಿ ಬಲು ಕಚ್ಚಾ. ದೊಡ್ಡ ಮಾಡ್ಯುಲರ್ ವಾದ್ಯದ ಬೆಲೆ ಸಾವಿರಾರು ಡಾಲರ್, ಕೊಳ್ಳುವವರು ಬೆರಳೆಣಿಕೆ, ಸಾಲ ಬೆಳೀತು. 1970ರಲ್ಲಿ ಕಂಪನಿಯ ಎಂಜಿನಿಯರ್ ಬಿಲ್ ಹೆಮ್‌ಸಾತ್ ಮೂಲೆಯಲ್ಲಿ ಬಿದ್ದಿದ್ದ ಬಿಡಿಭಾಗ ಜೋಡಿಸಿ ಒಂದು ಚಿಕ್ಕ ವಾದ್ಯ ಮಾಡಿದರು. ತಂತಿ ಸಿಕ್ಕಿಸೋ ಗೊಡವೆಯೇ ಇಲ್ಲ, ಪೆಟ್ಟಿಗೆಗಳ ನಡುವಿನ ಸಂಪರ್ಕ ಎಲ್ಲ ಒಳಗೇ ಖಾಯಂ. ಅದೇ ಮಿನಿಮೋಗ್. ಮುಂದಿನ ಹತ್ತು ವರ್ಷ ರಾಕ್ ಬ್ಯಾಂಡ್‌ಗಳ ಅಚ್ಚುಮೆಚ್ಚಾಗಿದ್ದು, ಹನ್ನೆರಡು ಸಾವಿರಕ್ಕೂ ಹೆಚ್ಚು ಮಾರಾಟವಾಗಿದ್ದು ಅದೇ. ಪ್ಯಾಚ್ ಕಾರ್ಡ್‌ನ ಅಪ್ಪನಿಗೆ ಅತಿ ಹೆಚ್ಚು ಹೆಸರು ತಂದಿದ್ದು ಪ್ಯಾಚ್ ಕಾರ್ಡೇ ಇಲ್ಲದ ವಾದ್ಯ. ನಮಗಿದು ವಿಚಿತ್ರ ಅನಿಸಲಿಲ್ಲ. ರಿಹರ್ಸಲ್ ದಿನ ನಾವೂ ಯಾರಾದರೂ ಮೊದಲೇ ಜೋಡಿಸಿ ಕೊಟ್ಟಿರಬಾರದಿತ್ತಾ ಅಂತಲೇ ಗೊಣಗಿದ್ದು.

ಆದರೆ ಆ ಲಾಭ ಉಣ್ಣೋ ಹೊತ್ತಿಗೆ ಕಂಪನಿ ಮೋಗ್ ಅವರದಾಗಿರಲಿಲ್ಲ. 1971ರಲ್ಲಿ ಬಫಲೊ ಕಡೆಯ ಉದ್ಯಮಿ ಬಿಲ್ ವೇಟೆನಾ ಕೈಗೆ ಹೋಯ್ತು, 1973ರಲ್ಲಿ ನಾರ್ಲಿನ್ ಅನ್ನೋ ದೊಡ್ಡ ಸಂಸ್ಥೆಗೆ. ತಮ್ಮದೇ ಹೆಸರಿನ ಕಂಪನಿಯಲ್ಲಿ ಮೋಗ್ ನೌಕರ. 1977ರಲ್ಲಿ ಕರಾರು ಮುಗಿದದ್ದೇ ಹೊರಬಿದ್ದರು. ಹೆಸರು ಕಂಪನಿಯ ಜೊತೆಗೇ ಉಳೀತು. ಅಂದ್ರೆ ರಾಬರ್ಟ್ ಮೋಗ್ ಒಂದು ವಾದ್ಯ ಮಾಡಿದರೆ ಅದರ ಮೇಲೆ ಮೋಗ್ ಅಂತ ಬರೆಯೋ ಹಾಗಿಲ್ಲ! ನಾರ್ತ್ ಕ್ಯಾರೊಲೈನಾದ ಬೆಟ್ಟದ ಸೀಮೆಗೆ ಹೋಗಿ ಬಿಗ್ ಬ್ರಾಯರ್ ಅನ್ನೋ ಹೆಸರಲ್ಲಿ ಪುಟ್ಟ ಕಂಪನಿ ಶುರು ಮಾಡಿದರು.

ಇತ್ತ ಸಂಗೀತದ ಅಂಗಡಿಗಳಲ್ಲಿ ಇನ್ನೊಂದು ತಲೆನೋವು. ಒಂದೊಂದು ಕಂಪನಿಯದು ಒಂದೊಂದು ಭಾಷೆ. ಮೋಗ್ ಸಿಂಥ್‌ನದು ಸ್ಥಾಯಿಗೆ ಒಂದು ವೋಲ್ಟ್. ಕ್ಯಾಲಿಫೋರ್ನಿಯಾದ ಡಾನ್ ಬುಕ್ಲಾ ಅವರದು 1.2 ವೋಲ್ಟ್. ಜಪಾನಿನ ಕೆಲವು ಸಿಂಥ್‌ಗಳು ವೋಲ್ಟಿಗೆ ಇಷ್ಟು ಹರ್ಟ್ಸ್ ಅನ್ನೋ ನೇರ ಲೆಕ್ಕ ಹಿಡಿದಿದ್ದವು. ಕೀ ಒತ್ತಿದ್ದನ್ನು ತಿಳಿಸೋ ಟ್ರಿಗರ್ ಸಂಕೇತ ಹೆಚ್ಚಿನವರಲ್ಲಿ ವೋಲ್ಟೇಜ್ ಏರಿಕೆ, ಮೋಗ್ ಸಿಂಥ್‌ನಲ್ಲಿ ಮಾತ್ರ ಲೈನನ್ನು ಗ್ರೌಂಡಿಗೆ ಶಾರ್ಟ್ ಮಾಡೋದು. ನಾವು ಹೊಗಳಿ ಬರೆದರೂ ಇದನ್ನು ಮುಚ್ಚಿಡಬಾರದು: ಪೆಟ್ಟಿಗೆಗಳಿಗೆ ಮಾತು ಕಲಿಸಿದ ಮನುಷ್ಯನ ವಾದ್ಯವೇ ಬೇರೆಯವರ ವಾದ್ಯದ ಜೊತೆ ಸರಿಯಾಗಿ ಮಾತಾಡ್ತಿರಲಿಲ್ಲ.

ಗಂಟು ಬಿಡಿಸಿದ್ದು ಮೋಗ್ ಅಲ್ಲ. ಅಮೆರಿಕದ ಸೀಕ್ವೆನ್ಷಿಯಲ್ ಸರ್ಕಿಟ್ಸ್‌ನ ಡೇವ್ ಸ್ಮಿತ್, ಜಪಾನಿನ ರೋಲೆಂಡ್‌ನ ಇಕುತಾರೊ ಕಾಕೆಹಾಶಿ ಮುಂದಾಳುಗಳು, ಯಮಾಹಾ, ಕೋರ್ಗ್, ಕವಾಯಿ ಕೂಡ ಜೊತೆಯಾದವು. ವ್ಯಾಪಾರದಲ್ಲಿ ಎದುರಾಳಿಗಳಾದವರು ಒಂದೇ ಡಿಜಿಟಲ್ ಭಾಷೆಗೆ ಒಪ್ಪಿದರು. ಐದು ಪಿನ್ನಿನ ಕೇಬಲ್, ಸೆಕೆಂಡಿಗೆ 31,250 ಬಿಟ್, ಯಾರಿಗೂ ರಾಯಲ್ಟಿ ಕೊಡಬೇಕಿಲ್ಲ. 1982ರ ಅಕ್ಟೋಬರ್‌ನ ಕೀಬೋರ್ಡ್ ಪತ್ರಿಕೆಯಲ್ಲಿ ಈ ಮಿಡಿ ಬಗ್ಗೆ ಓದುಗರಿಗೆ ಮೊದಲು ತಿಳಿಸಿದವರು ಯಾರು ಗೊತ್ತಾ? ಅಲ್ಲಿ ಬರೀತಿದ್ದ ರಾಬರ್ಟ್ ಮೋಗ್. ತಮ್ಮ ಒಂದು ವೋಲ್ಟನ್ನು ಮೂಲೆಗೆ ಸರಿಸಲಿದ್ದ ವ್ಯವಸ್ಥೆಯ ಸುದ್ದಿಯನ್ನು ತಾವೇ ಕೊಟ್ಟರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ವಾದ್ಯ ಮೇಳದಲ್ಲಿ ಸೀಕ್ವೆನ್ಷಿಯಲ್‌ನ ಪ್ರಾಫೆಟ್-600ನ್ನು ರೋಲೆಂಡ್‌ನ ಜುಪಿಟರ್-6ಕ್ಕೆ ಕೇಬಲ್‌ನಲ್ಲಿ ಜೋಡಿಸಿ, ಒಂದರ ಕೀ ಒತ್ತಿ ಇನ್ನೊಂದನ್ನು ನುಡಿಸಿದರು.

ಮಿಡಿಯಲ್ಲಿ ಒಂದು ಕೊರತೆ ಇದೆ, ನಮ್ಮ ಸಂಗೀತ ಕಲಿತವರಿಗೆ ಅದು ತಕ್ಷಣ ತಿಳಿಯುತ್ತೆ. ವೋಲ್ಟೇಜ್ ನಯವಾಗಿ ಜಾರುತ್ತೆ, ಸ್ವರದಿಂದ ಸ್ವರಕ್ಕೆ ಎಳೆದುಕೊಂಡು ಹೋಗಬಹುದು. ಮಿಡಿ ಸಂಖ್ಯೆ ಮೆಟ್ಟಿಲು ಹತ್ತುತ್ತೆ. ತೋಡಿಯ ಗಾಂಧಾರವನ್ನು 61, 62, 63 ಅಂತ ಬರೆದು ನೋಡಿ, ಏನೂ ಉಳಿಯಲ್ಲ. ಪಿಚ್ ಬೆಂಡ್ ಅಂತ ಬೇರೆ ಸೂಚನೆ ಇದೆ, 16,384 ಹಂತದ್ದು. ಆದರೆ ಅದು ಇಡೀ ಚಾನೆಲ್‌ಗೆ ಅನ್ವಯ: ಒಂದು ಸ್ವರ ಬಗ್ಗಿಸಿದರೆ ಆ ಚಾನೆಲ್‌ನಲ್ಲಿ ನುಡೀತಿರೋ ಎಲ್ಲವೂ ಬಗ್ಗುತ್ತವೆ.

ಬೆರಳಿನ ಈ ಸೂಕ್ಷ್ಮವೇ ಮೋಗ್ ಅವರನ್ನು ಕೊನೆಯವರೆಗೂ ಕಾಡಿತು. ಸಂಯೋಜಕ ಜಾನ್ ಈಟನ್ ಜೊತೆ ಸುಮಾರು ಎರಡು ದಶಕ ಒಂದು ಕೀಬೋರ್ಡ್ ಮೇಲೆ ಕೆಲಸ ಮಾಡಿದರು. ಅದರ ಒಂದೊಂದು ಕೀಗೂ ಬೆರಳು ಮುಂದಿದೆಯಾ ಹಿಂದಿದೆಯಾ, ಎಡಕ್ಕೋ ಬಲಕ್ಕೋ, ಎಷ್ಟು ಅಗಲ ತಾಗಿದೆ, ಎಷ್ಟು ಒತ್ತಿದೆ ಎಲ್ಲ ಗೊತ್ತಾಗಬೇಕು. 1990ರ ದಶಕದ ಆರಂಭಕ್ಕೆ ಅದು ತಯಾರಾಯ್ತು, ಆದರೆ ಅಂಗಡಿಗೆ ಬರೋ ಸರಕಾಗಲಿಲ್ಲ. ಈ ನಡುವೆ ಹೊಟ್ಟೆಪಾಡಿಗೆ ಕರ್ಜ್‌ವೈಲ್ ಕಂಪನಿಯಲ್ಲಿ ಕೆಲಸ, ಆಶ್‌ವಿಲ್‌ನ ವಿಶ್ವವಿದ್ಯಾಲಯದಲ್ಲಿ ಪಾಠ, ಜೊತೆಗೆ ಮತ್ತೆ ಹಳೆಯ ಥೆರೆಮಿನ್. 1998ರಲ್ಲಿ ಮಿಡಿ ಕಳಿಸೋ ಥೆರೆಮಿನ್ ಕೂಡ ಮಾಡಿದರು.

ಹಳೆಯ ಕಂಪನಿ 1987ರಲ್ಲಿ ದಿವಾಳಿಯೆದ್ದಿತ್ತು. ಹೆಸರಿಗಾಗಿ ಕೋರ್ಟು ಕಚೇರಿ ಅಲೆದು 2002ರಲ್ಲಿ ಮೋಗ್ ಅನ್ನೋ ಹೆಸರನ್ನು ಮೋಗ್ ವಾಪಸ್ ಪಡೆದರು. ಅಷ್ಟರಲ್ಲಿ ಅವರಿಗೆ 68. ಕಂಪನಿ ಕೈಬಿಟ್ಟ ಮೇಲೆ ಮೊದಲ ಸಲ ತಮ್ಮ ಹೆಸರು ಹೊತ್ತ ಹೊಸ ಮಿನಿಮೋಗ್ ತಂದರು, ಅದರಲ್ಲಿ ಹಳೇ ವೋಲ್ಟೇಜ್ ಸರ್ಕ್ಯೂಟೂ ಇತ್ತು, ಮಿಡಿಯೂ ಇತ್ತು. ಮೂರೇ ವರ್ಷ. 2005ರ ಆಗಸ್ಟ್ 21ರಂದು ಮೆದುಳಿನ ಗೆಡ್ಡೆಯಿಂದ ಆಶ್‌ವಿಲ್‌ನಲ್ಲಿ ತೀರಿಕೊಂಡರು. ಆಗ ನಮ್ಮಲ್ಲಿ ಕೆಲವರು ತೊಟ್ಟಿಲಲ್ಲಿದ್ದೆವು, ಹಲವರು ಹುಟ್ಟೇ ಇರಲಿಲ್ಲ.

ಐಪ್ಯಾಡ್ ಬಂದಿದ್ದು ಅದಾದ ಐದು ವರ್ಷಕ್ಕೆ. ಅದೇ ವರ್ಷದ ಕೊನೆಗೆ ಅದರೊಳಗೆ ಮಿಡಿ ಬಂತು, ಆ್ಯಪ್‌ನಿಂದ ಆ್ಯಪ್‌ಗೆ ಕಾಣದ ಕೇಬಲ್ ಎಳೆಯೋದು ಶುರುವಾಯ್ತು. 2011ರಲ್ಲಿ ಮೋಗ್ ಕಂಪನಿಯ ಅನಿಮೋಗ್ ಆ್ಯಪ್ ಬಂತು. ಅದರ ಕೀ ಮೇಲೆ ಬೆರಳು ಮೇಲೆ ಕೆಳಗೆ ಜಾರಿಸಿದರೆ ಸದ್ದಿನ ಬಣ್ಣ ಬದಲಾಗುತ್ತೆ. 2018ರಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಚಾನೆಲ್ ಕೊಟ್ಟು ಬೇರೆ ಬೇರೆಯಾಗಿ ಬಗ್ಗಿಸೋ ಪದ್ಧತಿ, ಎಂಪಿಇ, ಮಿಡಿಯ ಅಧಿಕೃತ ಭಾಗವಾಯ್ತು.

ರಿಹರ್ಸಲ್ ಮುಗಿದ ಮೇಲೆ ನಾವು ಎಂಪಿಇ ಆನ್ ಮಾಡಿ ನೋಡಿದೆವು. ನಮ್ಮ ಗುಂಪಿನಲ್ಲಿ ಆರು ವರ್ಷ ವೀಣೆ ಕಲಿತವಳು ಒಬ್ಬಳಿದ್ದಾಳೆ. ಗಾಜಿನ ಮೇಲೆ ಎರಡು ಬೆರಳಿಟ್ಟು ಒಂದರಲ್ಲಿ ಷಡ್ಜ ಹಿಡಿದುಕೊಂಡು ಇನ್ನೊಂದರಲ್ಲಿ ಗಾಂಧಾರವನ್ನು ಅಲುಗಾಡಿಸಿದಳು. ಷಡ್ಜ ಕದಲಲಿಲ್ಲ. ಗಾಂಧಾರ ಇನ್ನೂ ವೀಣೆಯ ಹಾಗಿಲ್ಲ ಅಂತ ಅವಳ ತಕರಾರು. ಬೆಂಡ್ ರೇಂಜ್ ಎರಡೂ ಆ್ಯಪ್‌ನಲ್ಲಿ 48ಕ್ಕೆ ಹೊಂದಿಸಿ ಮತ್ತೆ ಪ್ರಯತ್ನ ಮಾಡ್ತಿದ್ದೇವೆ.